ಡಬ್ಬಿಯ ಮೇಲಿನ ಅಕ್ಷರ

ಯಲಬುರ್ಗಾದಿಂದ ಕುಷ್ಟಗಿಗೆ ಬರುವ ಬಸ್ಸಿಗೆ ಹೋದ ವಾರ ಒಬ್ಬಾತ ಔಷಧಿ ಹೊಡೆಯುವ ಪಂಪನ್ನು ಬೆನ್ನಿಗೆ ಕಟ್ಟಿಕೊಂಡೇ ಹತ್ತಿದ. ಪಂಪು ಖಾಲಿಯಾಗಿತ್ತು. ಆದರೂ ಕಂಡಕ್ಟರ್ ಬಿಡಲಿಲ್ಲ.

“ಏ ಯಜಮಾನ, ಅದನ್ನರ ಕೆಳಗ ಇಡು, ಇಲ್ಲಾ ನೀನರ ಇಳಿ. ಬಸ್ಸೆಲ್ಲಾ ನಾರಾಕ ಹತ್ತೈತಿ.”

“ತೊಳದೀನ್ರಿ ಸಾಹೇಬ್ರ, ಮೂರು ಸಲ ತೊಳದೀನಿ,” ಎನ್ನುತ್ತ ಆತ ಅದನ್ನು ಇಳಿಸಿ ನನ್ನ ಕಾಲ ಬಳಿ ಇಟ್ಟ.

ಮೂರಲ್ಲ, ಮೂವತ್ತು ಸಲ ತೊಳೆದರೂ ಆ ವಾಸನೆ ಹೋಗುವುದಿಲ್ಲ. ಕೊಳೆತ ಬೆಳ್ಳುಳ್ಳಿಯ ಮೇಲೆ ಸೀಮೆಎಣ್ಣೆ ಸುರಿದಂಥ ವಾಸನೆ. ಕಿಟಕಿ ಸರಿಸಿದೆ, ಸೆರಗು ಮೂಗಿಗೆ ಹಿಡಿದೆ, ಕಡೆಗೆ ಸುಮ್ಮನೆ ಕೂತೆ. ಕುಷ್ಟಗಿಯಲ್ಲಿ ನನಗೆ ಶಾಲೆಯ ಕೆಲಸವೊಂದಿತ್ತು. ಇಳಿದವಳು ಅದನ್ನು ಬಿಟ್ಟು ಹನುಮಸಾಗರದ ಬಸ್ಸು ಹತ್ತಿದೆ. ಮೂರು ವರ್ಷದಿಂದ ಹೋಗದೇ ಇದ್ದ ದೊಡ್ಡವ್ವನ ಮನೆಗೆ.

ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ, ಗಂಗವ್ವ. ಹನುಮಸಾಗರದಿಂದ ಆಚೆ, ಗುಡ್ಡದ ಬುಡದ ನಮ್ಮೂರಿನಲ್ಲಿ ನಮ್ಮ ಮನೆಯಿಂದ ಎರಡು ಓಣಿ ದಾಟಿದರೆ ಅವಳ ಮನೆ. ದೊಡ್ಡಪ್ಪ ತೀರಿಹೋಗಿ ಬಹಳ ವರ್ಷವಾಗಿತ್ತು. ಇದ್ದದ್ದು ಮಗಳು ರೇಣುಕಾ ಒಬ್ಬಳೇ, ನನಗಿಂತ ಹತ್ತು ತಿಂಗಳಿಗೆ ದೊಡ್ಡವಳು. ನಾನು ಹೇಳಹೊರಟಿರುವುದು ಮೂರು ವರ್ಷದ ಹಿಂದಿನ ಮಾತು; ಕೊಪ್ಪಳದಲ್ಲಿ ಪದವಿ ಮುಗಿಸಿ ಬಿ.ಎಡ್. ಸೀಟಿಗೆ ಕಾಯುತ್ತ ನಾನು ಊರಲ್ಲಿದ್ದ ಚಳಿಗಾಲವದು. ಕಾಲೇಜಿನಿಂದ ನಾನು ತಂದದ್ದು ಒಂದು ಟ್ರಂಕು ಪುಸ್ತಕ, ಚರ್ಚಾಸ್ಪರ್ಧೆಯಲ್ಲಿ ಗೆದ್ದ ಐದು ಫಲಕ ಮತ್ತು ಯಾರ ಮಾತನ್ನೂ ಪೂರ್ತಿಯಾಗಲು ಬಿಡದ ಒಂದು ಚಟ. ಚೀಟಿ ಎತ್ತಿದಾಗ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಯಾವ ಬದಿಯಲ್ಲಿ ನಿಲ್ಲಿಸಿದರೂ ಎದುರಿನವನ ಮಾತಿನಲ್ಲಿ ತೂತು ಎಲ್ಲಿದೆ ಎಂದು ಹುಡುಕುವುದನ್ನು ಮೂರು ವರ್ಷ ಕಲಿತಿದ್ದೆ. ಕೊನೆಯ ಫಲಕ ಬಂದದ್ದು ‘ಕಣ್ಣಾರೆ ಕಂಡದ್ದೂ ಸುಳ್ಳಾಗಬಹುದು’ ಎಂಬ ವಿಷಯಕ್ಕೆ. ನಾನು ಪರವಾಗಿ ಮಾತಾಡಿದ್ದೆ.

ದೊಡ್ಡವ್ವ, ರೇಣುಕಾ ಇಬ್ಬರೂ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದರು. ನಮ್ಮ ಕಡೆ ಬೀಜದ ಕಂಪನಿಗಳಿಗಾಗಿ ಟೊಮೆಟೊ, ಮೆಣಸಿನ ಬೀಜ ಬೆಳೆಯುತ್ತಾರೆ. ಹಸಿರು ಪರದೆಯ ದೊಡ್ಡ ಡೇರೆಯೊಳಗೆ ಸಾಲು ಸಾಲು ಗಿಡ. ಮಧ್ಯಾಹ್ನ ಹೆಣ್ಣುಮಕ್ಕಳು ಚಿಮಟ ಹಿಡಿದು, ನಾಳೆ ಅರಳಲಿರುವ ಮೊಗ್ಗನ್ನು ಬಿಡಿಸಿ, ಅದರ ಗಂಡುಭಾಗವನ್ನು ಕಿತ್ತು ತೆಗೆಯುತ್ತಾರೆ. ಮರುದಿನ ಮುಂಜಾನೆ ಬೇರೆ ಗಿಡದಿಂದ ತಂದ ಹೂಪುಡಿಯನ್ನು ಅದಕ್ಕೆ ಮುಟ್ಟಿಸುತ್ತಾರೆ. ಪುಡಿ ಇರುವುದು ಬೆರಳಿಗೆ ಹಾಕಿಕೊಂಡ ಉಂಗುರದಲ್ಲಿ. ಹರಳಿರಬೇಕಾದ ಜಾಗದಲ್ಲಿ ಒಂದು ಪುಟ್ಟ ಬಟ್ಟಲು. ಕೈ ನಡುಗಬಾರದು. ಒಂದು ಮೊಗ್ಗು ಕಣ್ತಪ್ಪಿ ಉಳಿದರೆ ಅದು ತನ್ನಷ್ಟಕ್ಕೆ ಕಾಯಿ ಕಟ್ಟುತ್ತದೆ. ಅಂಥದ್ದಕ್ಕೆ ‘ಸೆಲ್ಫ್’ ಎನ್ನುತ್ತಾರೆ. ಪರೀಕ್ಷೆಯಲ್ಲಿ ಸೆಲ್ಫ್ ಬೀಜ ಸಿಕ್ಕಿತೋ, ಆ ಲಾಟು, ಅಂದರೆ ಆ ಸಲ ಕಳಿಸಿದ ಬೀಜವೆಲ್ಲ, ಪೂರ್ತಿ ವಾಪಸ್ಸು. ಉಳಿದದ್ದು ಚೆನ್ನಾಗಿತ್ತು ಎಂದು ಹೇಳಿದರೆ ಯಾರೂ ಕೇಳುವುದಿಲ್ಲ. ಈ ನ್ಯಾಯ ಆ ಹೆಣ್ಣುಮಕ್ಕಳಿಗೆ ರಕ್ತದಲ್ಲೇ ಇತ್ತು. ಒಂದು ಕಾಯಿ ಕೆಟ್ಟರೆ ಚೀಲ ಕೆಟ್ಟಿತು.

ರೇಣುಕಾಳ ಮದುವೆಯ ಮಾತು ಮುಗಿದಿತ್ತು. ಗಂಗಾವತಿಯ ಕಡೆ, ಕಾಲುವೆ ಸೀಮೆಯ ಹುಡುಗ. ಯುಗಾದಿ ಕಳೆದು ಮದುವೆ ಎಂದಾಗಿತ್ತು. ದೊಡ್ಡವ್ವ ಉಂಗುರದ ಬೆರಳು ಎತ್ತಿ ನಗುತ್ತಿದ್ದಳು: “ನೋಡವಾ ಸುಜಾತಾ, ನಮ್ಮ ರೇಣುಕಾನ ಗಂಡ ಬಂಗಾರದ್ದು ಹಾಕತಾನ. ನನಗ ಈ ಪಲಾಸ್ಟಿಕ್ಕಿಂದ ಸಾಕು.”

ದೀಪಾವಳಿಯ ಹಿಂದೆಯೇ ಚಿರತೆ ಬಂತು. ಫೋನಿನಲ್ಲಿ.

ನಮ್ಮೂರ ದಾರಿಯಲ್ಲಿ, ಅಂಗಡಿಯೊಂದರ ಮುಂದೆ ಚಿರತೆ ನಿಂತ ಚಿತ್ರ. ಮನೆಮನೆಗೂ ಹರಿದಾಡಿತು. ಗುಡ್ಡದ ಕಡೆಯ ಡೇರೆಗಳಿಗೆ ಹೆಣ್ಣುಮಕ್ಕಳು ಎರಡು ದಿನ ಹೋಗಲಿಲ್ಲ. ಹೂವು ಕಾಯುವುದಿಲ್ಲವಲ್ಲ, ಎರಡು ದಿನದ ಮೊಗ್ಗೆಲ್ಲ ಸೆಲ್ಫ್ ಆಗುವ ಹೆದರಿಕೆ. ಮೂರನೆಯ ದಿನ ಡೇರೆಗಳ ಉಸ್ತುವಾರಿ ನೋಡುವ ಸೂಪರ್‌ವೈಸರ್ ವೀರೇಶ ನಮ್ಮ ಮನೆಗೇ ಬಂದ. ಮೂವತ್ತರ ಆಸುಪಾಸು, ಮಾತಿನಲ್ಲಿ ಬೆಣ್ಣೆ.

“ಮೇಡಂ, ನೀವು ಓದಿದೋರು. ಈ ಹೆಣ್ಮಕ್ಕಳಿಗೆ ಒಂದೀಟು ಹೇಳ್ರಿ. ನಾ ಹೇಳಿದ್ರ ಕೆಲಸಕ್ಕ ಕರ್ಯಾಕ ಸುಳ್ಳು ಹೇಳತಾನ ಅಂತಾರ.”

ಚಿತ್ರ ನೋಡಿದೆ. ಬೆರಳಿಂದ ಹಿಗ್ಗಿಸಿದೆ. ಚಿರತೆಯ ಹಿಂದಿನ ಅಂಗಡಿಯ ಬೋರ್ಡಿನಲ್ಲಿ ಕನ್ನಡದಂತೆ ಕಾಣುವ ಆದರೆ ಕನ್ನಡವಲ್ಲದ ಅಕ್ಷರಗಳಿದ್ದವು. ಒತ್ತು ಇತ್ತು, ಗುಡಿಸು ಇತ್ತು, ಓದಲು ಮಾತ್ರ ಏನೂ ಇರಲಿಲ್ಲ. ಚಿತ್ರ ಕ್ಯಾಮೆರಾದ್ದಲ್ಲ, ಕಂಪ್ಯೂಟರ್ ಹುಟ್ಟಿಸಿದ್ದು. ನನಗೆ ಫಲಕ ಗೆದ್ದಷ್ಟೇ ಖುಷಿಯಾಯಿತು.

ಸಂಜೆ ಶಾಲೆಯ ಪಡಸಾಲೆಯಲ್ಲಿ ಹೆಣ್ಣುಮಕ್ಕಳನ್ನೆಲ್ಲ ಕೂಡಿಸಿದೆವು. ಊರ ಹಿರಿಯ ಬಸಪ್ಪಜ್ಜನೂ ಬಂದು ಕಂಬಕ್ಕೆ ಒರಗಿ ಕೂತ. ಬಾಯಿಮಾತಿನಲ್ಲಿ ಹೇಳಿದರೆ ನಾಟುವುದಿಲ್ಲ ಎಂದು ಅಜ್ಜನದೇ ಒಂದು ಫೋಟೋ ತೆಗೆದೆ. ಬರೆದು ಕೇಳಿದಂಥ ಚಿತ್ರ ಹುಟ್ಟಿಸುವ ಆಪೊಂದು ನನ್ನ ಫೋನಿನಲ್ಲಿತ್ತು, ಅದಕ್ಕೆ ಎರಡು ಸಾಲು ಬರೆದು ಕೇಳಿದೆ. ಒಂದು ನಿಮಿಷವೂ ಆಗಲಿಲ್ಲ. ರುಮಾಲು ಹಾಗೇ ಇದೆ, ಕಣ್ಣಿಗೆ ಕಪ್ಪು ಕನ್ನಡಕ, ಅಜ್ಜ ವಿಮಾನದ ಕಿಟಕಿಯ ಬಳಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದಾನೆ.

ಪಡಸಾಲೆ ನಕ್ಕು ನಕ್ಕು ಸುಸ್ತಾಯಿತು. “ಎಜ್ಜಾ, ಯಾವಾಗ ಹೋಗಿದ್ದಿ ದುಬೈಗೆ? ನಮಗ ಹೇಳಲೇ ಇಲ್ಲ!” ಎಂದು ನಿಂಗವ್ವ ಕೂಗಿದಳು. ಅವಳು ಕ್ರಾಸಿಂಗಿನಲ್ಲಿ ಎಲ್ಲರಿಗಿಂತ ಹಳಬಳು.

ಅಜ್ಜ ಫೋನು ಇಸಿದುಕೊಂಡು ಬಹಳ ಹೊತ್ತು ನೋಡಿದ. “ಇದನ್ನ ದೊಡ್ಡದು ಮಾಡಿಸಿ ಕೊಡವಾ. ಸತ್ತ ಮ್ಯಾಲ ಹಾರ ಹಾಕಾಕ ಇದ ಇರಲಿ. ಬಂದೋರು ಹೆದರಬೇಕು.”

ಆಮೇಲೆ ನಾನು ಪಾಠ ಶುರುಮಾಡಿದೆ. ಚಿತ್ರವನ್ನು ಹಿಗ್ಗಿಸಿ ನೋಡಿ. ಅಕ್ಷರ ಓದಿ. ಚಿತ್ರದಲ್ಲಿರುವವರ ಬೆರಳು ಎಣಿಸಿ, ಐದರ ಬದಲು ಆರಿರಬಹುದು. ದಿನಾಂಕ, ಸಮಯ ತೋರಿಸಿದರೂ ನಂಬಬೇಡಿ, ಅದನ್ನೂ ಬದಲಿಸಬಹುದು. ಒಂದು ಮೂಲೆಯಲ್ಲಿ ತಪ್ಪು ಸಿಕ್ಕರೂ ಇಡೀ ಚಿತ್ರ ಸುಳ್ಳು.

“ಹಂಗಂದ್ರ ನಮ್ಮ ಲಾಟಿನಂಗ,” ಎಂದಳು ನಿಂಗವ್ವ.

“ಹೌದು, ಥೇಟ್ ಲಾಟಿನ ಹಂಗ,” ಎಂದೆ. ನನ್ನ ಮಾತು ಇಷ್ಟು ಚೆನ್ನಾಗಿ ಅರ್ಥವಾಯಿತಲ್ಲ ಎಂದು ಹಿಗ್ಗಿದೆ.

ಹಿಂದೆ ಬಾಗಿಲ ಬಳಿ ನಿಂತಿದ್ದ ವೀರೇಶ ಎಲ್ಲವನ್ನೂ ಕೇಳಿಸಿಕೊಂಡ. ಹೋಗುವಾಗ ಕೈ ಮುಗಿದ. “ಛಲೋ ಕಲಿಸಿದ್ರಿ ಮೇಡಂ. ನಾನೂ ಕಲಿತೆ.” ಮರುದಿನ ಎಲ್ಲರೂ ಕೆಲಸಕ್ಕೆ ಹೋದರು.

ಮೂರು ವಾರ ಕಳೆದಿರಬೇಕು. ಆ ವರ್ಷ ಮೋಡ ಮುಸುಕಿದ ಚಳಿ. ಬಿಸಿಲೇ ಸರಿಯಾಗಿ ಬೀಳದೆ ಗಿಡಕ್ಕೆ ಹುಳ ಬಿದ್ದಿತ್ತು. ಕೀಟನಾಶಕಕ್ಕೆ ನಮ್ಮಲ್ಲಿ ಎಣ್ಣೆ ಎನ್ನುತ್ತಾರೆ. ಎಣ್ಣೆ ಹೊಡೆದ ದಿನ ಡೇರೆಯೊಳಗೆ ಯಾರೂ ಹೋಗಬಾರದು ಎಂಬುದು ಹೊಡೆಯುವವನಿಗೂ ಗೊತ್ತು, ಹೊಡೆಸುವವನಿಗೂ ಗೊತ್ತು. ಆದರೆ ಹೂವಿಗೆ ಅದು ಗೊತ್ತಿಲ್ಲ, ಅದು ಮುಂಜಾನೆಯೇ ಅರಳುತ್ತದೆ. ಆ ಮುಂಜಾನೆ ಈಚೆಯ ಸಾಲುಗಳಲ್ಲಿ ಒಂಬತ್ತು ಮಂದಿ ಹೂವಿಗೆ ಪುಡಿ ಮುಟ್ಟಿಸುತ್ತಿದ್ದಂತೆಯೇ ಆಚೆಯ ಸಾಲುಗಳಲ್ಲಿ ಇಬ್ಬರು ಪಂಪು ಹೊತ್ತು ಎಣ್ಣೆ ಹೊಡೆಯತೊಡಗಿದರು. ವೀರೇಶನೇ ನಿಂತು ಹೊಡೆಸಿದ. ಪರದೆಯೊಳಗಿನ ಗಾಳಿ ಆಚೆ ಹೋಗುವುದಿಲ್ಲ.

ಬಲಗೈ ಬೆರಳಿಗೆ ಹೂಪುಡಿಯ ಉಂಗುರ ಹಾಕಿಕೊಂಡು ದೊಡ್ಡವ್ವ ಎಲ್ಲರಿಗಿಂತ ಒಳಗಿನ ಸಾಲಿನಲ್ಲಿದ್ದಳು. ಮೊದಲು ಕಣ್ಣು ಮಂಜಾಯಿತಂತೆ. ವಾಂತಿ ಮಾಡಿಕೊಂಡಳು. ಆಮೇಲೆ ಗಿಡದ ಮೇಲೆಯೇ ಒರಗಿ ಬಿದ್ದಳು, ಕೈಕಾಲು ನಡುಗತೊಡಗಿದವು. ರೇಣುಕಾ ಓಡಿಬಂದಳು. ಅವ್ವನನ್ನು ಎತ್ತುವ ಮೊದಲು ಅವಳೊಂದು ಕೆಲಸ ಮಾಡಿದಳು. ಯಾಕೆ ಮಾಡಿದೆನೋ ಗೊತ್ತಿಲ್ಲ ಎಂದು ಆಮೇಲೆ ಹೇಳಿದಳು. ಫೋನು ತೆಗೆದು ಒಂದೇ ಒಂದು ಫೋಟೋ ಹೊಡೆದಳು.

ವೀರೇಶ ತನ್ನ ಜೀಪಿನಲ್ಲೇ ದೊಡ್ಡವ್ವನನ್ನು ಆಸ್ಪತ್ರೆಗೆ ಒಯ್ದ. ಅಷ್ಟರ ಮಟ್ಟಿಗೆ ಅವನು ಚುರುಕು. ಅಲ್ಲಿ ಕೇಳಿದವರಿಗೆಲ್ಲ ಅವನೇ ಉತ್ತರ ಕೊಟ್ಟ: “ಈಕಿಗೆ ಮದಲಿಂದ ಫಿಟ್ಸ್ ಅದಾವ್ರಿ. ಕೆಲಸ ಮಾಡೂಮುಂದ ಬಂದಾವ.” ರೇಣುಕಾ ಅವ್ವನ ತಲೆ ಹಿಡಿದು ಅಳುತ್ತಿದ್ದಳು. ಚೀಟಿಯಲ್ಲಿ ಬರೆದದ್ದು ಅವನು ಹೇಳಿದ ಮಾತು.

ಮೂರು ದಿನದ ಮೇಲೆ ದೊಡ್ಡವ್ವ ಮನೆಗೆ ಬಂದಳು. ಬಲಗೈ ನಡುಗುವುದು ನಿಂತಿರಲಿಲ್ಲ. ಅವಳಿಗಿಂತ ಮೊದಲೇ ಊರಿಗೆ ಆ ಮಾತು ಬಂದಿತ್ತು. ಗಂಗವ್ವಗ ಫಿಟ್ಸ್ ಅದಾವಂತ. ಮುಚ್ಚಿಟ್ಟಿದ್ಲಂತ. ಹೊರಗಿನವರಿಗೆ ಇದೊಂದು ಕಾಯಿಲೆಯ ಹೆಸರು ಅಷ್ಟೇ. ನಮ್ಮ ಕಡೆ ಮದುವೆ ನಿಶ್ಚಯವಾದ ಮಗಳಿರುವ ಮನೆಯಲ್ಲಿ ಇದು ಬಾಗಿಲಿಗೆ ಬಿದ್ದ ಬೀಗ. ತಾಯಿಗಿದ್ದರೆ ಮಗಳಿಗೂ ಇರುತ್ತದೆ, ಮಗಳಿಗಿದ್ದರೆ ಮೊಮ್ಮಕ್ಕಳಿಗೂ. ಇದು ಸುಳ್ಳೆಂದು ವಾದಿಸಬಹುದು, ನಾನು ವಾದಿಸಿದೆ ಕೂಡ. ಗಂಡಿನ ಕಡೆಯವರು ವಾದಕ್ಕೆ ಬರುವುದಿಲ್ಲ, ಸುಮ್ಮನೆ ಬೇರೆ ಕಡೆ ಹೆಣ್ಣು ನೋಡುತ್ತಾರೆ.

ದೊಡ್ಡವ್ವ ಹಾಸಿಗೆಯ ಮೇಲಿಂದಲೇ ಹೇಳಿದಳು: “ನನಗೇನೂ ಕೊಡೂದು ಬ್ಯಾಡ. ಎಣ್ಣಿ ಹೊಡದಿದ್ದಕ್ಕ ಬಿದ್ಲು ಅಂತ ನಾಕು ಮಂದಿ ಮುಂದ ಅಂವ ಒಂದು ಮಾತು ಅನಲಿ. ಆ ಮಾತು ಗಂಗಾವತಿ ತನಕಾ ಹೋಗಲಿ. ಅಷ್ಟ ಸಾಕು.”

ಬಸಪ್ಪಜ್ಜ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಹಿರಿಯರನ್ನು ಕೂಡಿಸಲು ಒಪ್ಪಿದ. ನಮ್ಮ ಕೈಯಲ್ಲಿ ಸಾಕ್ಷಿ ಇತ್ತು.

ಆ ಫೋಟೋ ನಾನಿನ್ನೂ ಮರೆತಿಲ್ಲ. ರೇಣುಕಾಳ ಕೈ ನಡುಗಿದ್ದರಿಂದ ಎಲ್ಲವೂ ಅಲುಗಿತ್ತು. ಪರದೆಯ ಬೆಳಕಿಗೆ ಎಲ್ಲವೂ ಹಸಿರು. ನೆಲದ ಮೇಲೆ ದೊಡ್ಡವ್ವನ ಕೆಂಪು ಅಂಚಿನ ಸೀರೆ, ಅವಳ ಪಕ್ಕದಲ್ಲಿ ಎಣ್ಣೆಯ ನೀಲಿ ಡಬ್ಬಿ, ಅದರ ಮೇಲಿನ ಚೀಟಿ ಬರೀ ಒಂದು ಬಿಳಿ ಮಚ್ಚೆ. ದೂರದಲ್ಲಿ ಮಂಜಿನೊಳಗೆ ಪಂಪು ಹೊತ್ತ ಎರಡು ಆಕೃತಿ, ನಡುವೆ ಕೈ ಎತ್ತಿ ನಿಂತ ವೀರೇಶ. ವೀರೇಶ ಎಂದು ನಮಗೆ ಗೊತ್ತು. ಗೊತ್ತಿಲ್ಲದವರಿಗೆ ಯಾರೋ ಒಬ್ಬ.

ನಾನು ಎದುರಾಳಿಯ ಬದಿಯಲ್ಲಿ ನಿಂತು ಯೋಚಿಸಿದೆ. ಅದೇ ಅಲ್ಲವೇ ನಮಗೆ ಕಲಿಸುವುದು? ಡಬ್ಬಿಯಲ್ಲಿ ನೀರಿತ್ತು ಎಂದರೆ? ಅದು ನಾನಲ್ಲ ಎಂದರೆ? ತೂತುಗಳನ್ನು ಮುಚ್ಚಬೇಕು. ರೇಣುಕಾ ಕಳಿಸಿದ ಫೋಟೋವನ್ನು ನನ್ನ ಫೋನಿಗೆ ಹಾಕಿ, ಅಜ್ಜನನ್ನು ವಿಮಾನ ಹತ್ತಿಸಿದ ಅದೇ ಆಪಿಗೆ ಬರೆದೆ: ಈ ಚಿತ್ರವನ್ನು ಸ್ಪಷ್ಟ ಮಾಡು, ಮುಖ ಕಾಣುವಂತೆ ಮಾಡು, ಡಬ್ಬಿಯ ಮೇಲಿನ ಬರಹ ಕಾಣುವಂತೆ ಮಾಡು.

ಮಾಡಿತು. ಮಂಜು ಹರಿಯಿತು. ವೀರೇಶನ ಮೂಗು, ಮೀಸೆ, ಅಂಗಿಯ ಗುಂಡಿ. ಡಬ್ಬಿಯ ಮೇಲೆ ಸಾಲು ಸಾಲು ಬರಹ. “ಅಬ್ಬಾ!” ಎಂದಳು ರೇಣುಕಾ. ನಾನು ಹಿಗ್ಗಿಸಿ ನೋಡಲಿಲ್ಲ. ಊರಿಗೆಲ್ಲ ಹಿಗ್ಗಿಸಿ ನೋಡಿ ಎಂದು ಹೇಳಿಕೊಟ್ಟವಳು ನಾನು, ಹಿಗ್ಗಿಸಲಿಲ್ಲ. ಚಿರತೆಯನ್ನು ನಾನು ನಂಬಲು ಬಯಸಿರಲಿಲ್ಲ, ಇದನ್ನು ನಂಬಲು ಬಯಸಿದ್ದೆ. ವ್ಯತ್ಯಾಸ ಇದ್ದದ್ದು ಇಷ್ಟೇ. ಇದನ್ನು ಸುಳ್ಳು ಎಂದು ನಾನು ಅವತ್ತು ಅಂದುಕೊಳ್ಳಲೂ ಇಲ್ಲ. ಇದ್ದದ್ದನ್ನೇ ಒರೆಸಿ ತೋರಿಸಿದ ಹಾಗೆ, ಕನ್ನಡಕ ಹಾಕಿಕೊಂಡ ಹಾಗೆ. ಒಂದೇ ಚಿತ್ರದ ಎರಡು ರೂಪ ಇದ್ದರೆ ಗೊಂದಲ ಎಂದು ಮಸುಕಾದದ್ದನ್ನು ನನ್ನ ಫೋನಿನಿಂದ ಅಳಿಸಿಯೂ ಬಿಟ್ಟೆ.

ಕಟ್ಟೆಯ ಸಭೆ ಭಾನುವಾರ ಮಧ್ಯಾಹ್ನ. ಗಂಡಸರು ಕಟ್ಟೆಯ ಮೇಲೆ, ಹೆಣ್ಣುಮಕ್ಕಳು ಗುಡಿಯ ಕಂಬಗಳ ಆಚೆ. ದೊಡ್ಡವ್ವನನ್ನು ಕರೆತಂದು ಗೋಡೆಗೆ ಒರಗಿಸಿ ಕೂಡಿಸಿದ್ದೆವು. ನಾನು ಎದ್ದು ನಿಂತು ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ಯಾವ ಹೊತ್ತು, ಯಾವ ಸಾಲು, ಯಾರು ಎಲ್ಲಿ. ಕೊನೆಗೆ ಫೋನನ್ನು ಬಸಪ್ಪಜ್ಜನ ಕೈಗೆ ಕೊಟ್ಟೆ. ಅಜ್ಜ ನೋಡಿ ನಿಟ್ಟುಸಿರುಬಿಟ್ಟ. “ಏನಪಾ ವೀರೇಶಾ, ಇದರಾಗ ನೀನ ಅದೀಯಲ್ಲೋ.”

ಒಂದು ಗಳಿಗೆ ಅವನ ಮುಖ ಬಿಳಿಚಿತು. ಅದನ್ನು ನಾನು ನೋಡಿದೆ. ಇವತ್ತಿಗೂ ಆಣೆ ಮಾಡಿ ಹೇಳುತ್ತೇನೆ. ಆಣೆಯನ್ನು ನಂಬದವಳು ನಾನು.

“ಕೊಡ್ರಿ ಅಜ್ಜಾರ, ನಾನೂ ನೋಡತೀನಿ,” ಎಂದ. ನೋಡಿದ. ಅವನ ಎರಡು ಬೆರಳು ಗಾಜಿನ ಮೇಲೆ ಅಗಲವಾದವು. ಮುಖಕ್ಕೆ ಬಣ್ಣ ಮರಳಿ ಬಂತು.

“ನಾ ಏನೂ ಅನ್ನಂಗಿಲ್ರಿ. ಮೇಡಂ ಸಾಲ್ಯಾಗ ಕಲಿಸಿದ್ದನ್ನ ಮಾಡಿ ತೋರಸ್ತೀನಿ. ಹಿಗ್ಗಿಸಿ ನೋಡ್ರಿ ಅಂದಿದ್ರು. ಅಕ್ಷರಾ ಓದ್ರಿ ಅಂದಿದ್ರು.” ಫೋನನ್ನು ಅಜ್ಜನ ಕಣ್ಣ ಮುಂದೆ ಹಿಡಿದ. “ಡಬ್ಬಿ ಮ್ಯಾಲ ಏನ್ ಬರದೈತಿ ಓದ್ರಿ. ಕನ್ನಡ ಏನು? ತೆಲುಗು ಏನು? ಇಂಗ್ಲಿಷ ಬಲ್ಲೋರು ಯಾರರ ಬರ್ರಿ, ಓದ್ರಿ. ಒಂದ ಒಂದು ಅಕ್ಷರಾ ಓದಿದ್ರ ನಾ ಇವತ್ತ ಕೆಲಸಾ ಬಿಟ್ಟು ಹೊಕ್ಕೀನಿ.”

ಫೋನು ಕೈಯಿಂದ ಕೈಗೆ ಹೋಯಿತು. ನನ್ನ ಕೈಗೂ ಬಂತು. ಇಂಗ್ಲಿಷಿನಂತೆ ಕಾಣುವ ಗೀರುಗಳು, ತೆಲುಗಿನಂತೆ ಕಾಣುವ ಸುರುಳಿಗಳು. ಚಿರತೆಯ ಹಿಂದಿನ ಬೋರ್ಡಿನ ಅಕ್ಕತಂಗಿಯರು.

“ಇದನ್ನ ಯಾರು ಮಾಡಿದ್ರವಾ?” ಬಸಪ್ಪಜ್ಜ ಕೇಳಿದ. ಸಿಟ್ಟಿನಿಂದಲ್ಲ. ದುಃಖದಿಂದ ಕೇಳಿದ.

ಪ್ರಶ್ನೆ ಬಿದ್ದ ಅರ್ಧ ನಿಮಿಷದಲ್ಲಿ ಉತ್ತರ ಕಟ್ಟುವುದು ನನಗೆ ಬರುತ್ತಿತ್ತು. ಅವತ್ತೂ ತಲೆ ಅದೇ ಕೆಲಸ ಮಾಡುತ್ತಿತ್ತು: ‘ಮಾಡಿದ್ದು’ ಎಂಬ ಮಾತನ್ನೇ ಅಲ್ಲಗಳೆಯಲೇ? ಸ್ಪಷ್ಟಪಡಿಸುವುದು ಬೇರೆ, ಸೃಷ್ಟಿಸುವುದು ಬೇರೆ ಎನ್ನಲೇ? ವಾಕ್ಯ ಜೋಡಿಸುತ್ತಿದ್ದೆ. ಅಷ್ಟರಲ್ಲಿ ಕಂಬದ ಆಚೆಯಿಂದ ದನಿ ಬಂತು.

“ನಾ ಮಾಡೀನ್ರಿ ಅಜ್ಜಾರ.”

ರೇಣುಕಾ ಎದ್ದು ನಿಂತಿದ್ದಳು. “ಮಸುಕ ಇತ್ತು ಅಂತ ಫೋನಿನ್ಯಾಗ ಛಲೋ ಮಾಡಿದ್ನಿ. ಸುಜಾತಾಗ ಗೊತ್ತಿಲ್ಲ. ಖರೇದ್ದು ಇಲ್ಲೈತ್ರಿ, ನನ್ನ ಫೋನಿನ್ಯಾಗ. ನೋಡ್ರಿ.” ತನ್ನ ಫೋನು ಮುಂದೆ ಹಿಡಿದಳು.

ನೋಡಿದರು. ಹಸಿರು ಮಂಜು, ಕೆಂಪು ಅಂಚು, ಬಿಳಿ ಮಚ್ಚೆ.

“ಒಂದು ಮಾಡಿದಾಕಿ ಎರಡು ಮಾಡಂಗಿಲ್ಲೇನ್ರಿ?” ವೀರೇಶ ಕೇಳಿದ.

“ಅದರಲ್ಲಿ ಹೊತ್ತು ಇದೆ, ದಿನ ಇದೆ,” ಎಂದೆ ನಾನು. ಫೋನನ್ನು ಅಜ್ಜನಿಗೆ ಕೊಟ್ಟ ಮೇಲೆ ನನ್ನ ಬಾಯಿಂದ ಬಂದ ಮೊದಲ ಮಾತು.

“ಅದನ್ನೂ ಬದಲ ಮಾಡಾಕ ಬರತೈತಿ ಅಂತ ನೀವ ಹೇಳೀರಿ, ಮೇಡಂ.”

ಬಸಪ್ಪಜ್ಜ ಹೆಣ್ಣುಮಕ್ಕಳ ಕಡೆ ತಿರುಗಿದ. ಅವತ್ತು ಡೇರೆಯೊಳಗಿದ್ದವರು ಒಬ್ಬರಾದರೂ ಹೇಳಿ ಎಂದ. ಹೂವಿನಲ್ಲೇ ಕಣ್ಣಿತ್ತು, ತಲೆ ಎತ್ತಿರಲಿಲ್ಲ ಎಂದಳು ಒಬ್ಬಳು. ಹಂಗಾಮು ಇನ್ನೂ ಒಂದು ತಿಂಗಳಿತ್ತು; ಹೆದರಿಕೆ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಬರೀ ಹೆದರಿಕೆಯಲ್ಲ. ನಿಂಗವ್ವ ವಾಂತಿಯ ಸದ್ದು ಕೇಳಿದ್ದಳು, ನನಗೆ ತಾನೇ ಹೇಳಿದ್ದಳು. ಅವಳು ಕಡೆಗೆ ಅಂದಳು:

“ಏನ್ ಮಾಡೂದ್ರಿ. ಒಂದು ಸೆಲ್ಫ್ ಕಾಯಿ ಸಿಕ್ಕಮ್ಯಾಲ ಲಾಟ್ ಹೋತು. ಉಳದದ್ದು ಖರೇ ಐತಿ ಅಂತ ನಾವು ಎಂದರ ಹೇಳೇವೇನು? ಹೇಳಿದ್ರ ಯಾರರ ಕೇಳ್ಯಾರೇನು?”

ಯಾರೂ ನಗಲಿಲ್ಲ. ಯಾರೂ ಬೈಯಲೂ ಇಲ್ಲ. ತಮ್ಮ ಮೇಲೆ ವರ್ಷ ವರ್ಷ ಹೇರಿದ ನ್ಯಾಯವನ್ನೇ ಅವರು ಪ್ರಾಮಾಣಿಕವಾಗಿ ನಮಗೂ ಹಚ್ಚಿದರು. ಬೀಜಕ್ಕೆ ಸರಿಯಾದ ನ್ಯಾಯ ಮನುಷ್ಯಳಿಗೆ ಸರಿಯಲ್ಲ ಎಂದು ಹೇಳಬೇಕಾದವಳು ನಾನು. ಥೇಟ್ ಲಾಟಿನ ಹಂಗ ಎಂದಿದ್ದವಳೂ ನಾನೇ. ಎದ್ದವರು ಒಬ್ಬೊಬ್ಬರಾಗಿ ಹೋದರು. ದೊಡ್ಡವ್ವ ಗೋಡೆಗೆ ಒರಗಿ ಕೂತೇ ಇದ್ದಳು. ಅವಳ ಬಲಗೈ ತೊಡೆಯ ಮೇಲೆ ಒಂದೇ ಸಮ ಅಲುಗುತ್ತಿತ್ತು. ಎಡಗೈಯಿಂದ ಅದನ್ನು ಅದುಮಿ ಹಿಡಿದಿದ್ದಳು.

ಮನೆಗೆ ಬಂದ ಮೇಲೆ ನಾನು ರೇಣುಕಾಳ ಮೇಲೆ ರೇಗಿದೆ. “ಯಾಕ ಹಂಗಂದಿ? ಯಾರು ಹೇಳು ಅಂದಿದ್ರು ನಿನಗ?”

ಅವಳು ಒಲೆಯ ಮುಂದೆ ಕೂತಿದ್ದಳು, ತಿರುಗಲಿಲ್ಲ. “ನಿನ್ನ ಬಾಯಿ ಉಳೀಬೇಕಿತ್ತು. ನಮ್ಮ ಕಡೆ ಇದ್ದದ್ದು ಅದೊಂದ. ನೀ ಸುಳ್ಳಾಕಿ ಆದ್ರ ಎಲ್ಲಾ ಹೋಗತಿತ್ತು. ನಾ ಸುಳ್ಳಾಕಿ ಆದ್ರ ನೀ ಮಾತಾಡತಿ ಅನಕೊಂಡೆ.” ಕಟ್ಟಿಗೆಯನ್ನು ಒಲೆಯೊಳಕ್ಕೆ ತಳ್ಳಿದಳು. “ನೀ ಮಾತಾಡಲೇ ಇಲ್ಲ.”

ಗಂಗಾವತಿಯ ಕಡೆಯಿಂದ ಇಬ್ಬರು ಬಂದರು. ಚಹಾ ಕುಡಿದರು, ಬೆಳೆಯ ವಿಚಾರ ಕೇಳಿದರು, ದೊಡ್ಡವ್ವನ ಕೈಯನ್ನು ನೋಡಿದರು. ಅವರು ಹೋಗಿ ಒಂದು ವಾರದ ಮೇಲೆ ಫೋನು ಬಂತು. ತಾಯಿಯ ಫಿಟ್ಸಿನ ಮಾತನ್ನು ಅವರು ಎತ್ತಲೇ ಇಲ್ಲ. ಫೋಟೋ ಹುಟ್ಟಿಸುವ ಹುಡುಗಿ ನಮ್ಮ ಮನೆಗೆ ಹೊಂದುವುದಿಲ್ಲ, ನಾಳೆ ನಮ್ಮದೇ ಏನಾದರೂ ಹುಟ್ಟಿಸಿದರೆ ಎಂದರಂತೆ. ಅದು ನನ್ನ ಹೆಸರಿನ ತಪ್ಪು. ಅವಳ ಹೆಸರಿಗೆ ಅಂಟಿತು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಬಸಪ್ಪಜ್ಜನ ಹೊಲಕ್ಕೆ ಹೋಗಿ ಹೇಳಿದೆ. ಮಾಡಿದ್ದು ರೇಣುಕಾ ಅಲ್ಲ, ನಾನು. ಅಜ್ಜ ಜೋಳದ ತೆನೆ ತಿಕ್ಕಿ ಕಾಳು ಬಾಯಿಗೆ ಹಾಕಿಕೊಳ್ಳುತ್ತಿದ್ದ. “ನನಗ ಅವತ್ತ ಗೊತ್ತಿತ್ತವಾ. ಅಕೀಗೆ ಅಷ್ಟು ಎಲ್ಲಿ ಬರತೈತಿ,” ಎಂದ.

“ಹಂಗಾರ ಈಗ ಕಟ್ಟಿ ಮ್ಯಾಲ ಹೇಳತೀನಿ. ಕೂಡಸ್ರಿ.”

“ಹೇಳು. ಆದ್ರ ಈಗ ಹೇಳಿದ್ರ, ಅಕ್ಕನ ಮದುವಿ ಮುರೀತು ಅಂತ ಈಕಿ ಹೊಸಾದು ಹುಟ್ಟಿಸ್ಯಾಳ ಅಂತಾರ. ಅಲ್ಲಾ ಅಂತ ಹೆಂಗ ತೋರಸತಿ?”

ನನ್ನಲ್ಲಿ ಉತ್ತರವಿರಲಿಲ್ಲ ಎಂದು ಬರೆದರೆ ಅದೊಂದು ನೆಪ. ಉತ್ತರ ಬೇಕಿರಲಿಲ್ಲ, ಹೋಗಿ ಹೇಳಬೇಕಿತ್ತು ಅಷ್ಟೇ. ನಂಬುವುದು ಬಿಡುವುದು ಅವರಿಗೆ ಸೇರಿದ್ದು. ನಾನು ಗೆಲ್ಲಲಾಗದ ಕಡೆ ಬಾಯಿ ತೆರೆಯುವುದನ್ನು ಕಲಿತಿರಲಿಲ್ಲ. ಆ ತಿಂಗಳೇ ಕೊಪ್ಪಳದಲ್ಲಿ ಸೀಟು ಸಿಕ್ಕಿತು. ಟ್ರಂಕು ಹೊತ್ತು ಹೋದೆ. ಆಮೇಲೆ ಯಲಬುರ್ಗಾದ ಕಡೆ ಕೆಲಸ. ಊರಿಗೆ ಬಂದರೂ ಆ ಎರಡು ಓಣಿ ದಾಟಲಿಲ್ಲ.

ಹೋದ ವಾರ ದಾಟಿದೆ. ದೊಡ್ಡವ್ವ ಬಾಗಿಲಲ್ಲೇ ಕೂತಿದ್ದಳು. “ಬಾರವಾ,” ಎಂದಳು, ನಿನ್ನೆ ಹೋದವಳನ್ನು ಕರೆದಂತೆ. ಕೈ ಹಾಗೇ ಇದೆ. ನೀರಿನ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು, ಅರ್ಧ ನೆಲಕ್ಕೆ ಚೆಲ್ಲಿತು. ಕ್ರಾಸಿಂಗಿಗೆ ಅವಳನ್ನು ಯಾರೂ ಕರೆಯುವುದಿಲ್ಲ. ರೇಣುಕಾ ಕೆಲಸದಿಂದ ಬಂದಾಗ ಮಧ್ಯಾಹ್ನವಾಗಿತ್ತು. ಬೆರಳುಗಳು ಗಿಡದ ರಸಕ್ಕೆ ಹಸಿರುಗಪ್ಪು. ಡೇರೆಯ ಬಾಗಿಲಿಗೆ ಈಗ ಒಂದು ಬೋರ್ಡು ಹಾಕಿದ್ದಾರಂತೆ: ಒಳಗೆ ಮೊಬೈಲ್ ತರಬಾರದು. ಅದರ ಅಕ್ಷರ ಮಾತ್ರ ದಪ್ಪವಾಗಿ, ಸರಿಯಾಗಿ ಇವೆಯಂತೆ. ಅವಳೇ ಹೇಳಿ ಸ್ವಲ್ಪ ನಕ್ಕಳು.

“ವೀರೇಶ?” ಎಂದೆ.

“ಅದಾನ. ಅಂವಗೇನಾಗೇತಿ.”

ಊಟಕ್ಕೆ ಕೂತೆವು. ರೊಟ್ಟಿ, ಪುಂಡಿಪಲ್ಲೆ. ಅವಳ ಫೋನು ಗೂಡಿನಲ್ಲಿ ಲಕ್ಷ್ಮಿಯ ಪಟದ ಪಕ್ಕ ಇತ್ತು.

“ಆ ಫೋಟೋ ಐತೇನು ಇನ್ನೂ?”

“ಐತಿ. ಅಳಿಸಿಲ್ಲ.”

“ನನಗ ಕಳಸು. ನನ್ನ ಹಂತ್ಯಾಕ ಇಲ್ಲ. ಇದನ್ನೆಲ್ಲಾ ಬರದು ಇಡಬೇಕಂತ ಮಾಡೀನಿ.”

ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ದ್ವೇಷವಿರಲಿಲ್ಲ. ಚಿಮಟ ಹಿಡಿದು ಮೊಗ್ಗು ನೋಡುವಾಗ ಹೇಗೆ ನೋಡುತ್ತಾರೋ ಹಾಗೆ ನೋಡಿದಳು.

“ಬ್ಯಾಡ ಸುಜಾತಾ. ನಿನ್ನ ಕೈಗೆ ಕೊಟ್ರ ನೀ ಮತ್ತ ಅದನ್ನ ಛಲೋ ಮಾಡತಿ.”

“ಪಲ್ಲೆ ಹಾಕ್ಕೋರಿ, ಆರತೈತಿ,” ಎಂದಳು ದೊಡ್ಡವ್ವ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ನನ್ನ ಫೋನು ತೆರೆದೆ. ನನ್ನ ಬಳಿ ಉಳಿದಿರುವುದು ಸ್ಪಷ್ಟವಾದದ್ದು ಒಂದೇ. ಮೂರು ವರ್ಷ ನಾನು ಅದರಲ್ಲಿ ಡಬ್ಬಿಯನ್ನು ಮಾತ್ರ ನೋಡುತ್ತಿದ್ದೆ, ಆ ಅಕ್ಷರಗಳನ್ನು. ಅವತ್ತು ಮೊದಲ ಸಲ ದೊಡ್ಡವ್ವನ ಮೇಲೆ ಬೆರಳಿಟ್ಟು ಹಿಗ್ಗಿಸಿದೆ. ಮುಖದ ಸುಕ್ಕುಗಳು ಇರಲಿಲ್ಲ. ಕಣ್ಣು ಮುಚ್ಚಿ, ಉಂಡು ಮಲಗಿದವಳಂತೆ ತಣ್ಣಗಿದ್ದಳು. ಎದೆಯ ಮೇಲಿದ್ದ ವಾಂತಿಯನ್ನು ಆ ಆಪು ಸೀರೆಯ ಹೂಬಳ್ಳಿ ಮಾಡಿತ್ತು. ಬಲಗೈಯನ್ನು ಹಿಗ್ಗಿಸಿದೆ. ಐದು ಬೆರಳೂ ಸರಿಯಾಗಿದ್ದವು, ನೀಟಾಗಿದ್ದವು. ಹೂಪುಡಿಯ ಉಂಗುರ ಇರಲಿಲ್ಲ.